1968ರ ಅಂಬಾಸಿಡರ್ ಜರ್ಮನಿಗೆ ಹೊರಟಿದೆ: ದೀಪಗಳನ್ನು ಇಲ್ಲೇ ಬದಲಿಸಬೇಕೇ, ಅಲ್ಲಿ ಹೋದ ಮೇಲೆಯೇ?

ಕದ್ರಿ_ಮಾರ್ಕ್2

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ 1968ರ ಅಂಬಾಸಿಡರ್ ಮಾರ್ಕ್ 2 ಕಾರನ್ನು ಸ್ಟುಟ್‌ಗಾರ್ಟಿನಲ್ಲಿ ನೆಲೆಸಿರುವ ಅಕ್ಕ ಮತ್ತು ಭಾವ ತಮ್ಮಲ್ಲಿಗೆ ತರಿಸಿಕೊಳ್ಳಬೇಕೆಂದಿದ್ದಾರೆ. ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಸಂಖ್ಯೆಯ ಗಾಡಿ. ಎಂಜಿನ್, ಗೇರು, ಬ್ರೇಕು ಯಾವುದರಲ್ಲೂ ತಕರಾರಿಲ್ಲ. ತಕರಾರು ಬಂದಿರುವುದು ದೀಪಗಳಲ್ಲಿ. ಭಾವ ಅಲ್ಲಿ ವಾಹನ ತಪಾಸಣೆ ಮಾಡುವ ಟ್ಯೂಫ್ ಸಂಸ್ಥೆಯವರಲ್ಲಿ ಮೊದಲೇ ವಿಚಾರಿಸಿದಾಗ, ಹೆಡ್‌ಲೈಟಿನ ಡಿಮ್ ಬೆಳಕು ಎಡಕ್ಕೆ ಏರುತ್ತದೆ, ಗಾಜಿನ ಮೇಲೆ ಯುರೋಪಿನ ಮಂಜೂರಾತಿಯ ‘ಇ’ ಗುರುತಿಲ್ಲ, ನಾಲ್ಕೂ ಇಂಡಿಕೇಟರು ಒಟ್ಟಿಗೆ ಮಿನುಗುವ ಹಜಾರ್ಡ್ ವ್ಯವಸ್ಥೆ ಇಲ್ಲ ಎಂದು ಹೇಳಿದರಂತೆ. ಇದಲ್ಲದೆ ಯಾವುದೋ ಕಾಲದಲ್ಲಿ ಯಾರೋ ಮಾಡಿಸಿದ ವಯರಿಂಗಿನಿಂದಾಗಿ ನಮ್ಮ ಗಾಡಿಯ ಹಿಂಬದಿಯ ಇಂಡಿಕೇಟರು ಬ್ರೇಕಿನ ಕೆಂಪು ದೀಪದಲ್ಲೇ ಮಿನುಗುತ್ತದೆ.

ಇಲ್ಲಿಯ ಎಲೆಕ್ಟ್ರಿಷಿಯನ್ ಒಬ್ಬರು ಮುಂದೆ ಎಲ್‌ಇಡಿ ಹಾಕಿ, ಹಿಂದಿನ ಬಾಡಿಯನ್ನು ಸ್ವಲ್ಪ ಕತ್ತರಿಸಿ ಹೊಸ ಅಂಬರ್ (ಕಿತ್ತಳೆ-ಹಳದಿ) ದೀಪ ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ಕತ್ತರಿಸುವ ಮಾತು ಕೇಳಿದ ಮೇಲೆ ತಂದೆಯವರು ಗಾಡಿಯ ಕೀಲಿಯನ್ನು ತಮ್ಮ ಕಿಸೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಾರೆ. ಯಾವ ಕೆಲಸವನ್ನು ಇಲ್ಲಿ ಮಾಡಿಸಬೇಕು, ಯಾವುದನ್ನು ಅಲ್ಲಿಗೆ ಬಿಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಪಡುಬಿದ್ರಿ_ವಯರ್‌ಮ್ಯಾನ್

ಬಾಡಿಗೆ ಯಾರೂ ಗರಗಸ ತಾಗಿಸಕೂಡದು. ಮಿಕ್ಕದ್ದನ್ನೆಲ್ಲ ಆಮೇಲೆ ಮಾತನಾಡೋಣ.

ಕಡಿಯಾಳಿ_ಹಳೆಗಾಡಿ

ತಂದೆಯವರ ನಿಲುವೇ ಸರಿ. ಅಂಬಾಸಿಡರಿನ ಹೆಡ್‌ಲೈಟು 7 ಇಂಚಿನ ದುಂಡು ದೀಪ. ಇದೇ ಅಳತೆಯ ದೀಪವನ್ನು ಜೀಪು, ಹಳೆಯ ಲ್ಯಾಂಡ್ ರೋವರ್, ಮಿನಿ ಮುಂತಾದ ಎಷ್ಟೋ ಗಾಡಿಗಳು ಬಳಸಿರುವುದರಿಂದ ‘ಇ’ ಗುರುತುಳ್ಳ ಹೊಸ ದೀಪ ಇಂದಿಗೂ ಯುರೋಪಿನಲ್ಲಿ ಸಿಗುತ್ತದೆ. ಕ್ರೋಮ್ ರಿಂಗ್ ಬಿಚ್ಚಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಆಯಿತು. ಹೊರಗಿನಿಂದ ನೋಡುವವರಿಗೆ ಗಾಡಿಯ ಮುಖ ಬದಲಾದದ್ದು ಗೊತ್ತಾಗುವುದಿಲ್ಲ.

ಬೆಳಕು ಒಂದು ಬದಿಗೆ ಏರುವುದೇಕೆ ಎಂಬುದನ್ನು ತಿಳಿದುಕೊಂಡರೆ ಅಡ್ಡದಾರಿಯ ಸಲಹೆಗಳಿಗೆ ನೀವು ಬಲಿಯಾಗುವುದಿಲ್ಲ. ಯುರೋಪಿನ ಪದ್ಧತಿಯ ಎರಡು ತಂತಿಯ ಬಲ್ಬಿನಲ್ಲಿ ಡಿಮ್ ತಂತಿಯ ಅಡಿಯಲ್ಲಿ ಲೋಹದ ಒಂದು ಪುಟ್ಟ ಬಟ್ಟಲು ಇರುತ್ತದೆ. ತಂತಿಯ ಬೆಳಕು ಪ್ರತಿಫಲಕದ ಕೆಳಗಿನ ಅರ್ಧಕ್ಕೆ ಬೀಳದಂತೆ ಅದು ತಡೆಯುವುದರಿಂದ, ಮೇಲಿನ ಅರ್ಧದಿಂದ ಹೊರಟ ಬೆಳಕು ಮಾತ್ರ ಕೆಳಮುಖವಾಗಿ ರಸ್ತೆಗೆ ಹೋಗುತ್ತದೆ. ಆ ಬಟ್ಟಲಿನ ಒಂದು ಅಂಚು 15 ಡಿಗ್ರಿ ಓರೆಯಾಗಿರುತ್ತದೆ. ಎದುರು ಬರುವವರ ಕಡೆ ಬೆಳಕು ಅಡ್ಡಗೆರೆ ಹಾಕಿದಂತೆ ಕಡಿದು, ರಸ್ತೆಯಂಚಿನ ಕಡೆ ಅದೇ 15 ಡಿಗ್ರಿಯಲ್ಲಿ ಮೇಲೇರುವುದು ಈ ಓರೆಯಿಂದಲೇ. ನಮ್ಮಲ್ಲಿ ರಸ್ತೆಯಂಚು ಎಡಕ್ಕಿದೆ, ಜರ್ಮನಿಯಲ್ಲಿ ಬಲಕ್ಕಿದೆ. ಇಲ್ಲಿಯ ದೀಪವನ್ನು ಅಲ್ಲಿ ಉರಿಸಿದರೆ ಆ ಏರುಬೆಳಕು ನೇರವಾಗಿ ಎದುರಿನವನ ಕಣ್ಣಿಗೆ ಬೀಳುತ್ತದೆ.

ಗಾಜಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. 1 ಜರ್ಮನಿ, 2 ಫ್ರಾನ್ಸ್, 3 ಇಟಲಿ, 4 ನೆದರ್ಲೆಂಡ್ಸ್, 11 ಬ್ರಿಟನ್. ಅದು ಮಂಜೂರಾತಿ ಕೊಟ್ಟ ದೇಶದ ಸಂಖ್ಯೆಯೇ ಹೊರತು ದೀಪ ತಯಾರಾದ ದೇಶದ್ದಲ್ಲ; ನಮ್ಮಲ್ಲೇ ತಯಾರಾಗಿ ‘ಇ’ ಗುರುತು ಪಡೆದ ದೀಪಗಳೂ ಇವೆ. ಅದರ ಹತ್ತಿರದಲ್ಲಿ ಬಾಣದ ಗುರುತನ್ನು ಹುಡುಕಿ. ದೀಪದ ಎದುರು ನಿಂತಾಗ ಬಾಣ ನಿಮ್ಮ ಬಲಗಡೆಗೆ ಮುಖ ಮಾಡಿದ್ದರೆ ಅದು ಎಡಬದಿ ಸಂಚಾರದ ದೇಶದ್ದು. ಎರಡೂ ಕಡೆಗೆ ಮುಖ ಮಾಡಿದ್ದರೆ ಎರಡಕ್ಕೂ ಹೊಂದಿಸಬಹುದು. ಬಾಣವೇ ಇಲ್ಲದಿದ್ದರೆ ಅದು ಬಲಬದಿ ಸಂಚಾರದ್ದು, ನಿಮಗೆ ಬೇಕಾದದ್ದೂ ಅದೇ.

ಮಣಿಪಾಲ_ಮೂರನೇ_ಸೆಮಿಸ್ಟರ್

ಇಷ್ಟೆಲ್ಲ ಖರ್ಚು ಏಕೆ? ಬ್ರಿಟನ್ನಿನವರು ಫ್ರಾನ್ಸಿಗೆ ಗಾಡಿ ಒಯ್ಯುವಾಗ ಗಾಜಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿಕೊಳ್ಳುತ್ತಾರಲ್ಲ? ಮೇಲೇರುವ ಭಾಗವನ್ನು ಅದು ಮುಚ್ಚಿಬಿಡುತ್ತದೆ. ಅದು ಬೇಡವೆಂದರೆ ಬಲ್ಬನ್ನೇ ಹೋಲ್ಡರಿನಲ್ಲಿ 15 ಡಿಗ್ರಿ ತಿರುಗಿಸಿ ಕೂರಿಸಬಹುದು.

ಕಡಿಯಾಳಿ_ಹಳೆಗಾಡಿ

ಸ್ಟಿಕ್ಕರು ನಾಲ್ಕು ದಿನದ ಪ್ರವಾಸಿಗರಿಗೆ. ಆ ದೇಶದಲ್ಲೇ ನೋಂದಣಿಯಾಗುವ ಗಾಡಿಗೆ ಅದನ್ನು ಯಾರೂ ಒಪ್ಪುವುದಿಲ್ಲ. ಬಲ್ಬು ತಿರುಗಿಸುವ ಉಪಾಯವನ್ನು ನೀವು ಸುಮ್ಮನೆ ಹೇಳಲಿಲ್ಲ ಎಂಬುದು ನಿಜ. ಎರಡು ಬದಿಯ ಬಾಣವುಳ್ಳ ಕೆಲವು ದೀಪಗಳಲ್ಲಿ ಬಲ್ಬಿನ ಆಸನವನ್ನೇ ಪುಟ್ಟ ಲಿವರಿನಿಂದ ಸರಿಸುವ ಏರ್ಪಾಡು ಇರುತ್ತದೆ. ಆದರೆ ಅವುಗಳ ಗಾಜನ್ನೂ ಎರಡೂ ಬದಿಗೆ ಹೊಂದುವಂತೆ ಮಾಡಿರುತ್ತಾರೆ. ಒಂದೇ ಬದಿಯ ಗಾಜಿನ ಗೀರುಗಳು ಬೆಳಕನ್ನು ಆ ಬದಿಗೇ ಹರಡುವುದರಿಂದ, ಅದರ ಹಿಂದೆ ಬಲ್ಬನ್ನು ಮಾತ್ರ ತಿರುಗಿಸಿದರೆ ಯಾವ ಕಡೆಗೂ ಸರಿಯಾದ ಬೆಳಕು ಸಿಗುವುದಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ದ್ಯುತಿವಿಜ್ಞಾನ ಇಲ್ಲವೇ, ಮಾರಾಯರೇ?

ಸುರತ್ಕಲ್_ಎಕ್ಸ್‌ಪ್ರೆಸ್

ನಿಮ್ಮ ಬಟ್ಟಲು, ಬಾಣ ಎಲ್ಲವೂ ಇರಲಿ. ಎಲ್‌ಇಡಿ ಬಲ್ಬು ಹಾಕಿದರೆ ಹಗಲಿನಂತೆ ಬೆಳಕು, ಬ್ಯಾಟರಿಗೂ ಹೊರೆ ಕಡಿಮೆ. ನಾನು ನನ್ನ ಪದ್ಮಿನಿ ಕಾರಿಗೆ ಹಾಕಿಸಿದ್ದೇನೆ, ರಾತ್ರಿ ಹೆದ್ದಾರಿಯಲ್ಲಿ ಯಾರೂ ಎದುರು ನಿಲ್ಲುವುದಿಲ್ಲ.

ಪಡುಬಿದ್ರಿ_ವಯರ್‌ಮ್ಯಾನ್

ಎದುರು ನಿಲ್ಲುವುದಿಲ್ಲ ಎಂಬುದೇ ತೊಂದರೆ, ಅಣ್ಣ. ಕಣ್ಣು ಕಾಣದೆ ಅವರೆಲ್ಲ ಮಣ್ಣಿಗೆ ಇಳಿಯುತ್ತಿದ್ದಾರೆ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ಪ್ರತಿಫಲಕದಲ್ಲಿ ಬೆಳಕು ಹೊರಡುವ ಜಾಗ ಕೂದಲೆಳೆಯಷ್ಟು ಆಚೀಚೆಯಾದರೂ ಕಡಿತದ ಗೆರೆ ಕಲಸಿಹೋಗುತ್ತದೆ. ಜರ್ಮನಿಯಲ್ಲಿ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬನ್ನು ಒಪ್ಪಿರುವುದು ಪಟ್ಟಿಯಲ್ಲಿ ಹೆಸರಿಸಿದ ಮಾದರಿಗಳಿಗೆ, ಮಂಜೂರಾದ ಬಲ್ಬುಗಳೊಂದಿಗೆ ಮಾತ್ರ. ಉತ್ತರಪಾರಾದಲ್ಲಿ ತಯಾರಾದ 1968ರ ಅಂಬಾಸಿಡರ್ ಆ ಪಟ್ಟಿಯಲ್ಲಿ ಸಿಗುವ ಆಸೆ ನಿಮಗಿದೆಯೇ?

ಸುರತ್ಕಲ್_ಎಕ್ಸ್‌ಪ್ರೆಸ್

ಜರ್ಮನಿಯ ವಿಷಯ ನನಗೆ ಬೇಡ. ಪದ್ಮಿನಿಯದ್ದು ಹಾಗೆಯೇ ಇರುತ್ತದೆ.

ನೆಕ್ಕಾರ್_ದಂಡೆ

ನಾನು ಮೂಲತಃ ಕಾರ್ಕಳದವನು, ಈಗ ಸ್ಟುಟ್‌ಗಾರ್ಟಿನ ಸಮೀಪದಲ್ಲೇ ಇದ್ದೇನೆ. ಇಲ್ಲಿಯ ಹಳೆಯ ಕಾರುಗಳ ಗೆಳೆಯರ ಜೊತೆ ತಪಾಸಣೆಗಳಿಗೆ ಹೋಗಿ ಬಂದ ಅನುಭವದಿಂದ ಬರೆಯುತ್ತಿದ್ದೇನೆ. ಯುರೋಪಿನ ದಾಖಲೆ ಇಲ್ಲದ ಗಾಡಿಗೆ ಇಲ್ಲಿಯ ವಾಹನ ನಿಯಮಾವಳಿಯ ಕಲಂ 21ರ ಪ್ರಕಾರ ಆ ಒಂದು ಗಾಡಿಗಷ್ಟೇ ಪ್ರತ್ಯೇಕ ತಪಾಸಣೆ ನಡೆಯುತ್ತದೆ. 30 ವರ್ಷ ದಾಟಿದ, ಮೂಲರೂಪದಲ್ಲಿ ಚೆನ್ನಾಗಿ ಉಳಿದ ಗಾಡಿಗೆ ಕಲಂ 23ರ ಪ್ರಕಾರ ಪ್ರತ್ಯೇಕ ವರದಿ ಪಡೆದರೆ, ಸಂಖ್ಯೆಯ ಕೊನೆಯಲ್ಲಿ ‘ಎಚ್’ ಇರುವ ಫಲಕ ಸಿಗುತ್ತದೆ. ಎಂಜಿನ್ನಿನ ಗಾತ್ರ ಏನೇ ಇರಲಿ, ಅಂಥ ಕಾರಿಗೆ ವರ್ಷಕ್ಕೆ 191.73 ಯೂರೊ ತೆರಿಗೆ.

ದೀಪಗಳ ಮಟ್ಟಿಗೆ ಹೇಳುವುದಾದರೆ, ಮುಂದಿನ ಜೋಡಿಯನ್ನು ಬದಲಿಸಲೇಬೇಕು. ಹಜಾರ್ಡ್ ಕೂಡ ಬೇಕೇ ಬೇಕು. ಗಾಡಿ ಹಳೆಯದೆಂಬ ಕಾರಣಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ. ಹಿಂಬದಿಯ ಮಂಜುದೀಪ ಬೇಕೆಂದು ಯಾರಾದರೂ ಹೆದರಿಸಿದರೆ ನಂಬಬೇಡಿ, ಅದು 1991ರಿಂದ ಈಚೆಗೆ ನೋಂದಣಿಯಾದವುಗಳಿಗೆ ಮಾತ್ರ. ಹಿಂದಿನ ಕೆಂಪು ಇಂಡಿಕೇಟರಿನ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ: 1970ರ ಜನವರಿ 1ಕ್ಕಿಂತ ಮೊದಲು ರಸ್ತೆಗಿಳಿದ ಗಾಡಿಗಳಿಗೆ ಇಲ್ಲಿ ಕೆಂಪು ನಡೆಯುತ್ತದೆ. ಮೊದಲ ನೋಂದಣಿಯ ದಿನಾಂಕ ತೋರಿಸುವ ಹಳೆಯ ಆರ್.ಸಿ. ಪುಸ್ತಕ ಬಹಳ ಮುಖ್ಯ, ಅದನ್ನು ಜೋಪಾನ ಮಾಡಿ.

ಕಂಕನಾಡಿ_ಸ್ಪೇರ್ಸ್

ಕೆಂಪು ನಡೆಯುತ್ತದೆ ಎಂಬ ಮಾತು ತಪ್ಪು. ಅಮೆರಿಕದಲ್ಲಿ ಮಾತ್ರ ಹಿಂದಿನ ಕೆಂಪು ಇಂಡಿಕೇಟರಿಗೆ ಅವಕಾಶವಿದೆ. ಯುರೋಪಿನಲ್ಲಿ ಅಂಬರ್ ಕಡ್ಡಾಯ.

ನೆಕ್ಕಾರ್_ದಂಡೆ

ಹೊಸ ಗಾಡಿಗಳಿಗೆ ಕಡ್ಡಾಯ, ನಿಜ. ಆದರೆ ನಿಯಮ ಬರುವ ಮುಂಚಿನ ಗಾಡಿಗಳಿಗೆ ಪ್ರತಿ ದೇಶವೂ ಒಂದು ಗಡಿ ದಿನಾಂಕ ಇಟ್ಟಿರುತ್ತದೆ. ಬ್ರಿಟನ್ನಿನಲ್ಲಿ ಆ ಗಡಿ 1965ರ ಸೆಪ್ಟೆಂಬರ್ 1. ಅಂದರೆ ಇದೇ ಅಂಬಾಸಿಡರ್ ಬ್ರಿಟನ್ನಿಗೆ ಹೋದರೆ ಹಿಂದೆ ಅಂಬರ್ ಬೇಕಾಗುತ್ತದೆ, ಜರ್ಮನಿಗೆ ಬಂದರೆ ಬೇಡ. ಯುರೋಪು ಎಂಬ ಒಂದೇ ದೇಶ ಇಲ್ಲ.

ಪಡುಬಿದ್ರಿ_ವಯರ್‌ಮ್ಯಾನ್

ಕಾನೂನು ಒಪ್ಪಿದರೂ ಬ್ರೇಕಿನ ದೀಪದಲ್ಲೇ ಇಂಡಿಕೇಟರು ಮಿನುಗುವ ವಯರಿಂಗನ್ನು ನಾನು ಉಳಿಸುವುದಿಲ್ಲ. ಬ್ರೇಕು ಒತ್ತಿ ಹಿಡಿದು ತಿರುವಿನಲ್ಲಿ ನಿಂತಾಗ ಒಂದು ದೀಪ ಸ್ಥಿರ, ಇನ್ನೊಂದು ಮಿನುಗು. ಹಿಂದಿನವನಿಗೆ ನಾವು ತಿರುಗುತ್ತಿದ್ದೇವೋ, ಒಂದು ಬಲ್ಬಿನ ಅರ್ತ್ ಸಡಿಲವಾಗಿದೆಯೋ ತಿಳಿಯುವುದಿಲ್ಲ. ಅದರ ಮೇಲೆ ಹಜಾರ್ಡ್ ಜೋಡಿಸಿದರೆ, ಹಜಾರ್ಡ್ ಮಿನುಗುವಾಗ ಬ್ರೇಕು ಒತ್ತಿದರೆ ಏನಾಗಬೇಕು ಎಂಬ ಪ್ರಶ್ನೆ ಬೇರೆ. ಮೊದಲು ಯಾರೋ ಎಳೆದ ಆ ತಂತಿಯನ್ನು ಕಿತ್ತು, ಎರಡನ್ನೂ ಬೇರ್ಪಡಿಸಿ. ಡಿಕ್ಕಿಯ ಬಾಗಿಲಿನ ಕೆಳಗೆ, ಬಂಪರಿನ ಬ್ರಾಕೆಟ್ಟಿಗೆ ಬೋಲ್ಟ್ ಹಾಕಿ ನಿಲ್ಲಿಸುವ ಎರಡು ಅಂಬರ್ ದೀಪ ಸಾಕು. ಒಂದು ತೂತನ್ನೂ ಹೊಸದಾಗಿ ಕೊರೆಯಬೇಕಾಗಿಲ್ಲ.

ಹಜಾರ್ಡಿಗೆ, ಇಂಡಿಕೇಟರನ್ನು ಮಿನುಗಿಸುವ ಹಳೆಯ ಫ್ಲ್ಯಾಷರ್ ಡಬ್ಬಿ ಸಾಲುವುದಿಲ್ಲ. ಅದು 21 ವ್ಯಾಟಿನ ಎರಡು ಬಲ್ಬುಗಳ ಲೆಕ್ಕದಲ್ಲಿ ಕಾದು ತಣಿಯುವಂಥದ್ದು. ನಾಲ್ಕು ಬಲ್ಬು ಉರಿದರೆ 84 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 7 ಆಂಪಿಯರ್. ಅದಕ್ಕೆ ತಕ್ಕ ಪ್ರತ್ಯೇಕ ಫ್ಲ್ಯಾಷರ್, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಪ್ರತ್ಯೇಕ ಸ್ವಿಚ್, ಅದು ಚಾಲೂ ಇರುವುದನ್ನು ತೋರಿಸುವ ಕೆಂಪು ಸೂಚಕ, ಇಷ್ಟೂ ಬೇಕು. ಇಗ್ನಿಷನ್ ಆಫ್ ಇದ್ದಾಗಲೂ ಕೆಲಸ ಮಾಡುವಂತೆ ತಂತಿಯನ್ನು ಬ್ಯಾಟರಿಯಿಂದ ಫ್ಯೂಸ್ ಮೂಲಕ ನೇರವಾಗಿ ಎಳೆಯಬೇಕು.

ಬಂದರು_ಕ್ಲಿಯರಿಂಗ್

ಕಸ್ಟಮ್ಸ್ ಕೆಲಸದವನಾಗಿ ಒಂದು ಮಾತು. ಯುರೋಪಿನ ಒಕ್ಕೂಟಕ್ಕೆ ಸಂಗ್ರಹಯೋಗ್ಯ ವಾಹನವೆಂದು ಸುಂಕಪಟ್ಟಿಯ 9705ರ ಶೀರ್ಷಿಕೆಯಲ್ಲಿ ಕಳುಹಿಸಿದರೆ ಆಮದು ಸುಂಕವಿಲ್ಲ, ಜರ್ಮನಿಯಲ್ಲಿ 19ರ ಬದಲು ಶೇಕಡಾ 7ರ ಆಮದು ತೆರಿಗೆ ಸಾಕು. ಅದಕ್ಕೆ ಗಾಡಿ 30 ವರ್ಷ ದಾಟಿರಬೇಕು, ಆ ಮಾದರಿಯ ತಯಾರಿಕೆ ನಿಂತಿರಬೇಕು, ಚಾಸಿ, ಬಾಡಿ, ಎಂಜಿನ್, ಬ್ರೇಕುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿದೆ. ಹೆಡ್‌ಲೈಟಿನ ಗಾಜು ಬದಲಿಸಿದ್ದಕ್ಕೆ ಯಾರೂ ಕೇಳುವುದಿಲ್ಲ, ಆದರೆ ಹಿಂದಿನ ಬಾಡಿ ಕತ್ತರಿಸಿ ಪುಟ್ಟಿ ಮೆತ್ತಿದ ಗಾಡಿಯ ಫೋಟೊ ಕಡತದಲ್ಲಿದ್ದರೆ ಅಧಿಕಾರಿಗೆ ಅನುಮಾನ ಬರಲು ನಾವೇ ದಾರಿ ಮಾಡಿಕೊಟ್ಟಂತೆ. ಆದ್ದರಿಂದ ಮಂಗಳೂರಿನಿಂದ ಹೊರಡುವಾಗ ಗಾಡಿ ಈಗ ಹೇಗಿದೆಯೋ ಹಾಗೆಯೇ ಹೊರಡಲಿ.

ಅಡ್ಯಾರ್_ವಕೀಲ

ಇಲ್ಲಿಯ ಕಾನೂನಿನ ಕಡೆಯಿಂದಲೂ ಅದೇ ಲೇಸು. ತಯಾರಕರ ಮೂಲ ವಿವರಣೆಯಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ ಕಲಂ 52 ತಡೆಯುತ್ತದೆ. ಒಂದು ವೇಳೆ ಪ್ರಯಾಣ ರದ್ದಾಗಿ ಗಾಡಿ ಇಲ್ಲಿಯೇ ಉಳಿಯಿತು ಎಂದಿಟ್ಟುಕೊಳ್ಳಿ. 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಗೆ ‘ವಿಎ’ ಸರಣಿಯ ಸಂಖ್ಯೆ ಪಡೆಯಬಹುದು. ಶುಲ್ಕ 20,000 ರೂಪಾಯಿ, ನವೀಕರಣಕ್ಕೆ 5,000. ಬಾಡಿ ಕತ್ತರಿಸಿದ ಮೇಲೆ ಆ ಬಾಗಿಲು ಮುಚ್ಚಿಹೋಗುತ್ತದೆ.

ಮಣಿಪಾಲ_ಮೂರನೇ_ಸೆಮಿಸ್ಟರ್

ಹಾಗಾದರೆ ಬಲಬದಿಯ ದೀಪವನ್ನು ಇಲ್ಲಿಯೇ ಹಾಕಿ ಒಂದು ತಿಂಗಳು ಓಡಿಸಿ ಪರೀಕ್ಷಿಸುವುದೂ ಬೇಡವೇ?

ಅಡ್ಯಾರ್_ವಕೀಲ

ಖಂಡಿತ ಬೇಡ. ಜರ್ಮನಿಯಲ್ಲಿ ಯಾವುದು ತಪ್ಪೋ ಅದೇ ತಪ್ಪನ್ನು ಮೂಲ್ಕಿಯಲ್ಲಿ ತಲೆಕೆಳಗಾಗಿ ಮಾಡಿದಂತಾಗುತ್ತದೆ. ಏರುಬೆಳಕು ಬಲಕ್ಕೆ ಹೋಗಿ, ವಿಭಜಕವಿಲ್ಲದ ರಸ್ತೆಯಲ್ಲಿ ಎದುರು ಬರುವ ಬಸ್ಸಿನ ಚಾಲಕನ ಕಣ್ಣಿಗೆ ಬೀಳುತ್ತದೆ.

ಕಾಪು_ಲೈಟ್‌ಹೌಸ್

ಬಸ್ಸಿನ ಚಾಲಕರ ಕಣ್ಣಿನ ಬಗ್ಗೆ ಇಲ್ಲಿ ಯಾರಿಗೆ ಚಿಂತೆ ಇದೆ ಸ್ವಾಮಿ? ನಮ್ಮಲ್ಲಿ ಪೊಲೀಸರು ಹೆಡ್‌ಲೈಟಿನ ನಡುವೆ ಕಪ್ಪು ಸ್ಟಿಕ್ಕರ್ ಅಂಟಿಸುತ್ತಿದ್ದ ಕಾಲ ನೆನಪಿದೆಯೇ? ಮೇಲಿನ ಅರ್ಧಕ್ಕೆ ಕಪ್ಪು ಬಣ್ಣ ಬಳಿದ ಲಾರಿಗಳನ್ನೂ ನೋಡಿದ್ದೇವೆ. ಮೇಲೆ ಬಳಿದರೆ ಮೇಲಿನ ಬೆಳಕು ನಿಲ್ಲುತ್ತದೆ ಎಂಬ ಲೆಕ್ಕ ಅದು. ಡಿಮ್ ಬೆಳಕು ಹೊರಡುವುದೇ ಮೇಲಿನ ಅರ್ಧದಿಂದ ಎಂದು ಕಡಿಯಾಳಿಯವರು ಬರೆದದ್ದನ್ನು ಓದಿದ ಮೇಲೆ, ಅಷ್ಟು ವರ್ಷ ನಾವು ರಸ್ತೆಗೆ ಬೇಕಾದ ಬೆಳಕಿಗೇ ಮಸಿ ಬಳಿಯುತ್ತಿದ್ದೆವು ಎಂದಾಯಿತು.

ಬ್ರಹ್ಮಾವರ_ಮಾಸ್ತರು

ಒಂದು ಇಡೀ ದೇಶವೇ ಹೀಗೆ ದೀಪದ ಬದಿ ಬದಲಿಸುವ ಕೆಲಸವನ್ನು ಮಾಡಿದ್ದುಂಟು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ 5 ಗಂಟೆಗೆ ಸ್ವೀಡನ್ ಎಡಬದಿಯ ಸಂಚಾರದಿಂದ ಬಲಬದಿಗೆ ಹೊರಳಿತು. ಅಲ್ಲಿಯ ಬಹುಪಾಲು ಕಾರುಗಳ ಸ್ಟಿಯರಿಂಗು ಮೊದಲೇ ಎಡಕ್ಕಿದ್ದುದರಿಂದ ಆ ಚಿಂತೆ ಇರಲಿಲ್ಲ, ಆದರೆ ಹೆಡ್‌ಲೈಟುಗಳನ್ನು ಬದಲಿಸಬೇಕಾಯಿತು. ಕದ್ರಿಯವರ ಗಾಡಿ ಅದರ ಮರುವರ್ಷ ತಯಾರಾದದ್ದು ಎಂಬುದು ಒಂದು ಮೋಜಿನ ಸಂಗತಿ.

ಲೆಸ್ಟರ್_ಕುಂದಾಪುರ

ಇಷ್ಟು ತಲೆನೋವು ಏಕೆ, ಬ್ರಿಟನ್ನಿಗೇ ಕಳುಹಿಸಿ ಎನ್ನಬೇಕೆನಿಸುತ್ತದೆ. ಇಲ್ಲಿಯೂ ಎಡಬದಿಯೇ ಸಂಚಾರ, 40 ವರ್ಷ ದಾಟಿದ, ದೊಡ್ಡ ಬದಲಾವಣೆಯಾಗದ ಗಾಡಿಗೆ ವಾರ್ಷಿಕ ತಪಾಸಣೆಯೂ ಇಲ್ಲ. ಅಂಬಾಸಿಡರಿನ ಮೂಲವೇ ಇಲ್ಲಿಯ ಮೋರಿಸ್ ಆಕ್ಸ್‌ಫರ್ಡ್ ಆದ್ದರಿಂದ ಹಳೆಯ ಕಾರಿನ ಜನ ಅದನ್ನು ನೆಂಟನಂತೆ ನೋಡುತ್ತಾರೆ.

ಕದ್ರಿ_ಮಾರ್ಕ್2

ಅಕ್ಕನನ್ನು ಲೆಸ್ಟರಿಗೆ ಸ್ಥಳಾಂತರಿಸುವುದು ದೀಪ ಬದಲಿಸುವುದಕ್ಕಿಂತ ಕಷ್ಟ. ನನ್ನದು ಇನ್ನೊಂದು ಪ್ರಶ್ನೆ: ಹೊಸ ದೀಪಕ್ಕೆ ಎಚ್4 ಎಂಬ ಎರಡು ತಂತಿಯ ಹ್ಯಾಲೊಜೆನ್ ಬಲ್ಬು ಹಾಕಬೇಕಾದರೆ ಹಳೆಯ ವಯರಿಂಗ್ ಮತ್ತು ಡೈನಮೋ ತಡೆಯುತ್ತವೆಯೇ? ಮಳೆಗಾಲದಲ್ಲಿ ವೈಪರು ಮತ್ತು ಹೆಡ್‌ಲೈಟು ಒಟ್ಟಿಗೆ ಹಾಕಿ ಸಿಗ್ನಲಿನಲ್ಲಿ ನಿಂತರೆ ಆಂಪಿಯರ್ ಮುಳ್ಳು ಈಗಲೇ ಮೈನಸ್ಸಿಗೆ ವಾಲುತ್ತದೆ.

ಪಡುಬಿದ್ರಿ_ವಯರ್‌ಮ್ಯಾನ್

ಎಚ್4 ಎಂದರೆ ಹೈ 60 ವ್ಯಾಟ್, ಡಿಮ್ 55 ವ್ಯಾಟ್. ಅಂಗಡಿಯಲ್ಲಿ 90/100ರ ಬಲ್ಬು ಕೈಗೆ ಕೊಟ್ಟರೆ ಹಿಂದಿರುಗಿಸಿ. ಅದು ತಪಾಸಣೆಯಲ್ಲೂ ನಿಲ್ಲುವುದಿಲ್ಲ, ನಿಮ್ಮ ತಂತಿಯಲ್ಲೂ ನಿಲ್ಲುವುದಿಲ್ಲ. ಎರಡು ಡಿಮ್ ಸೇರಿ 110 ವ್ಯಾಟ್, ಹಿಂದಿನ ದೀಪ, ಮೀಟರಿನ ದೀಪ ಎಲ್ಲ ಸೇರಿಸಿ 11ರಿಂದ 12 ಆಂಪಿಯರ್ ಆಗಬಹುದು. ಆ ಕಾಲದ ಲೂಕಸ್ ಸಿ40 ಡೈನಮೋದ ಗರಿಷ್ಠವೇ 22 ಆಂಪಿಯರ್, ಅದೂ ಎಂಜಿನ್ ಓಡುವಾಗ; ನಿಂತಲ್ಲಿ ಗುರುಗುಟ್ಟುವಾಗ ಅದರ ಹತ್ತಿರವೂ ಬರುವುದಿಲ್ಲ. ಹಾಗಾಗಿ ಮುಳ್ಳು ವಾಲುವುದು ರೋಗವಲ್ಲ, ಅದರ ಸ್ವಭಾವ.

ನಿಜವಾದ ಕೊರತೆ ಬೇರೆ ಕಡೆ ಇದೆ. ನಮ್ಮ ಉಪ್ಪುಗಾಳಿಗೆ ಹೆಡ್‌ಲೈಟಿನ ಹಿಂದಿನ ತಗಡಿನ ಬೋಗುಣಿ ತುಕ್ಕು ಹಿಡಿದು, ಅರ್ತ್ ತಂತಿಯ ತುದಿ ಹಸಿರುಗಟ್ಟಿರುತ್ತದೆ. ಬಲ್ಬಿಗೆ ಹೋಗುವ ಕರೆಂಟ್ ಪೂರ್ತಿ ಸ್ವಿಚ್ಚಿನಿಂದ ಹೊರಟು, ಕ್ಲಚ್ಚಿನ ಪಕ್ಕದಲ್ಲಿ ಕಾಲಿನಿಂದ ಒತ್ತುವ ಡಿಪ್ಪರಿಗೆ ಹೋಗಿ, ಅಲ್ಲಿಂದ ಮುಂದಕ್ಕೆ ಬರುತ್ತದೆ. ಆ ಡಿಪ್ಪರಿನೊಳಗೆ ಮಳೆಗಾಲದ ಚಪ್ಪಲಿಯ ನೀರು ಎಷ್ಟು ಇಳಿದಿದೆಯೋ ದೇವರಿಗೇ ಗೊತ್ತು. ಹೈ ಮತ್ತು ಡಿಮ್ಮಿಗೆ ಒಂದೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್) ಹಾಕಿ ಬ್ಯಾಟರಿಯಿಂದ ದಪ್ಪ ತಂತಿ ಎಳೆಯಿರಿ. ಹಳೆಯ ತಂತಿ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡಲಿ. ಈ ಕೆಲಸ ಯಾವ ದೇಶದ ಕಾನೂನಿಗೂ ಅಡ್ಡಬರುವುದಿಲ್ಲವಾದ್ದರಿಂದ ಇಲ್ಲಿಯೇ ಮಾಡಿಸಬಹುದು.

ಕಂಕನಾಡಿ_ಸ್ಪೇರ್ಸ್

ಬಲ್ಬಿನ ಬುಡವನ್ನೂ ನೋಡಿಕೊಳ್ಳಿ. ಹಳೆಯ 45/40 ವ್ಯಾಟಿನ ಬಲ್ಬಿನ ಬುಡ ಪಿ45ಟಿ, ಎಚ್4ರದ್ದು ಪಿ43ಟಿ. ಹಳೆಯ ಬುಡಕ್ಕೆ ಕೂರುವ ಎಚ್4 ಕೂಡ ಮಾರುಕಟ್ಟೆಯಲ್ಲಿದೆ, ಆದರೆ ಅದನ್ನು ಎಚ್4ಕ್ಕೆ ಮಂಜೂರಾಗದ ಗಾಜಿನ ಹಿಂದೆ ತುರುಕಿದರೆ ತಪಾಸಣೆಯವರು ಗಾಜಿನ ಅಕ್ಷರ ಓದಿಯೇ ಹಿಡಿಯುತ್ತಾರೆ. ‘ಎಚ್‌ಸಿಆರ್’ ಎಂದಿದ್ದರೆ ಹ್ಯಾಲೊಜೆನ್, ‘ಸಿಆರ್’ ಎಂದಷ್ಟೇ ಇದ್ದರೆ ಹಳೆಯ ಬಲ್ಬಿನದ್ದು.

ಅಂಬರ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಹಾಕಿಸಿದರೆ ಒಳ್ಳೆಯದು.

ನೆಕ್ಕಾರ್_ದಂಡೆ

ಹಾಕಿಸಿದರೆ ಒಳ್ಳೆಯದು ಎಂಬುದಕ್ಕೂ ಕಡ್ಡಾಯ ಎಂಬುದಕ್ಕೂ ಬಹಳ ಅಂತರವಿದೆ. ಒಳ್ಳೆಯದು ಎಂದರೆ ನಾನೂ ನಿಮ್ಮ ಪಕ್ಷವೇ.

ಕಡಿಯಾಳಿ_ಹಳೆಗಾಡಿ

ಬೆಳಕಿನ ಎತ್ತರ ಹೊಂದಿಸುವುದನ್ನು ಭಾವನವರು ಅಲ್ಲಿ ಗ್ಯಾರೇಜಿನಲ್ಲೇ ಮಾಡಿಸಬಹುದು, ಆದರೂ ಪದ್ಧತಿ ತಿಳಿದಿರಲಿ. ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರು ದೂರ ಗಾಡಿ ನಿಲ್ಲಿಸಿ, ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ, ಕಡಿತದ ಗೆರೆ ಅದಕ್ಕಿಂತ 10 ಸೆಂಟಿಮೀಟರು ಕೆಳಗೆ ಬೀಳುವಂತೆ ರಿಂಗಿನೊಳಗಿನ ಸ್ಕ್ರೂ ತಿರುಗಿಸಬೇಕು. ನೂರಕ್ಕೆ ಒಂದರ ಇಳಿಜಾರು ಎಂದು ಲೆಕ್ಕ. ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಬೇಕು, ಟೈರಿನ ಗಾಳಿ ಸರಿಯಿರಬೇಕು. ನಮ್ಮ ಮನೆಯ ಮುರಕಲ್ಲಿನ ಕಾಂಪೌಂಡಿನಲ್ಲಿ ಕಲ್ಲಿನ ತೂತುಗಳ ನೆರಳಿನಿಂದ ಗೆರೆಯೇ ಕಾಣುವುದಿಲ್ಲ, ಬಿಳಿ ಪಂಚೆ ಕಟ್ಟಿಯೇ ನೋಡುತ್ತೇನೆ.

ಕದ್ರಿ_ಮಾರ್ಕ್2

ತಂದೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ರಿಲೇ, ದಪ್ಪ ತಂತಿ, ಅರ್ತ್, ಬ್ರೇಕು ಮತ್ತು ಇಂಡಿಕೇಟರನ್ನು ಬೇರ್ಪಡಿಸುವುದು, ಹಜಾರ್ಡ್ ಇವಿಷ್ಟು ಇಲ್ಲಿ. ಬಂಪರಿನ ಬ್ರಾಕೆಟ್ಟಿಗೆ ಅಂಬರ್ ದೀಪವೂ ಇಲ್ಲೇ, ತೂತು ಕೊರೆಯದೆ. ಹೆಡ್‌ಲೈಟಿನ ಜೋಡಿಯನ್ನು ಭಾವ ಅಲ್ಲಿಯೇ ಖರೀದಿಸಿ ಕೂರಿಸುತ್ತಾರೆ. ಅಲ್ಲಿ ಬಿಚ್ಚಿದ ಹಳೆಯ ಜೋಡಿಯನ್ನು ಕಾಗದದಲ್ಲಿ ಸುತ್ತಿ ಡಿಕ್ಕಿಯಲ್ಲೇ ಇಡಬೇಕೆಂದು ತಂದೆಯವರ ಷರತ್ತು. ಕತ್ತರಿಸುವ ಎಲೆಕ್ಟ್ರಿಷಿಯನ್‌ಗೆ ಬೇಡವೆಂದು ಹೇಳಿಯಾಯಿತು. ಎಲ್ಲರಿಗೂ ಧನ್ಯವಾದ.

ಬಂದರು_ಕ್ಲಿಯರಿಂಗ್

ಇಲ್ಲಿಂದ ಹೊರಡುವಾಗ ಡಿಕ್ಕಿಯಲ್ಲಿ ಬಿಡಿಭಾಗ ಏನಾದರೂ ಇಟ್ಟರೆ ಸಾಮಾನಿನ ಪಟ್ಟಿಯಲ್ಲಿ ಮರೆಯದೆ ಬರೆಸಿ. ಪಟ್ಟಿಯಲ್ಲಿಲ್ಲದ ವಸ್ತು ಕಂಟೇನರಿನಲ್ಲಿ ಕಂಡರೆ ತೆರೆದು ನೋಡುವ ಶುಲ್ಕ ಬೇರೆ ಬೀಳುತ್ತದೆ.

ಸುರತ್ಕಲ್_ಎಕ್ಸ್‌ಪ್ರೆಸ್

ಆ ಬಂಪರಿನ ಬ್ರಾಕೆಟ್ಟಿನ ಅಂಬರ್ ದೀಪ ಪದ್ಮಿನಿಗೂ ಹೊಂದುತ್ತದೆಯೇ?

ಪಡುಬಿದ್ರಿ_ವಯರ್‌ಮ್ಯಾನ್

ಹೊಂದುತ್ತದೆ. ಗಾಡಿ ತನ್ನಿ. ಬರುವಾಗ ಹಗಲಿನಲ್ಲೇ ಬನ್ನಿ.